ಫ್ಲೆಕ್ಸಿನೊಳಗಿನ ಕೈಗಳು

ಇಲ್ಲದ ಕೈಯನ್ನು ಎತ್ತಿ ಒಂದಿಡೀ ಚುನಾವಣೆಯನ್ನು ಅಲುಗಾಡಿಸಿದ ಗಂಡಸು ಭೂಮಿ ಹುಟ್ಟಿದಾಗಿನಿಂದ ಒಬ್ಬನೇ ಒಬ್ಬ. ಅದು ನಾನು. ನಾನು ಬಲತೋಳು ಮೇಲೆತ್ತಿದ ಕೂಡಲೇ ಸಭಾಭವನದ ಫ್ಯಾನುಗಳು ತಿರುಗುವುದನ್ನು ಮರೆತವು, ಟೀವಿಯವರ ಕ್ಯಾಮೆರಾಗಳು ಬೆವರಿದವು, ಧಣಿಯ ನಾಲಗೆ ಮೇಲಿದ್ದ ಮಾತು ಹಿಂದೆ ತಿರುಗಿ ಓಡಿ ಹೊಟ್ಟೆಯಲ್ಲಿ ಅಡಗಿ ಕೂತಿತು. ಬಲತೋಳು ಅಂದೆನಲ್ಲ, ಅದು ಇರುವುದು ಮೊಣಕೈಯವರೆಗೆ ಮಾತ್ರ. ಅಲ್ಲಿಂದಾಚೆಗಿನದು ಜಲ್ಲಿ ಮಿಷನ್ನಿನ ಬಾಯಿಗೆ ಬಿದ್ದು ಪುಡಿಯಾಗಿ, ಜಲ್ಲಿಯ ಜೊತೆ ಲಾರಿ ಹತ್ತಿ, ಎಲ್ಲೋ ಒಂದು ರಸ್ತೆಯಲ್ಲಿ ಸೇರಿಹೋಗಿದೆ. ನಿಮ್ಮ ಕಾರಿನ ಚಕ್ರ ನುಣುಪಾದ ರಸ್ತೆಯಲ್ಲಿ ಕಾರಣವಿಲ್ಲದೆ ಒಮ್ಮೆ ಜಿಗಿದರೆ, ಅದು ನನ್ನ ಕಿರುಬೆರಳು ಅಂತ ತಿಳಿದುಕೊಳ್ಳಿ.

ನನ್ನನ್ನು ಎಲ್ಲರೂ ಬುರುಡೆ ಅನ್ನುತ್ತಾರೆ. ಬುರುಡೆ ಬಿಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ತಾಯಿ ಹೊಟ್ಟೆಯಲ್ಲಿದ್ದಾನೆ, ಹೊರಗೆ ಬರಲು ಹೆದರುತ್ತಿದ್ದಾನೆ. ಕೈ ಏನಾಯಿತು ಅಂತ ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳಿದ್ದೇನೆ. ಹುಲಿ ತಿಂದಿತು ಅಂದೆ. ಹುಲಿ ಆಮೇಲೆ ಕ್ಷಮೆ ಕೇಳಿತು ಅಂದೆ. ನನ್ನದು ಕೊಡುಗೈ, ಯಾರೋ ಕೇಳಿದರು, ಕೊಟ್ಟೇಬಿಟ್ಟೆ ಅಂದೆ. ಜನ ನಗುತ್ತಾರೆ, ಟೀ ಕುಡಿಸುತ್ತಾರೆ. ನಿಜ ಹೇಳಿದ್ದರೆ ಟೀ ಆರಿಹೋಗುತ್ತಿತ್ತು.

ಚುನಾವಣೆಗೆ ಇಬ್ಬರು ನಿಂತಿದ್ದರು. ಒಬ್ಬ ನಮ್ಮ ಧಣಿ. ಕಲ್ಲಿನ ಗುಡ್ಡ, ಗುಡ್ಡವನ್ನು ತಿನ್ನುವ ಮಿಷನ್ನು, ಮಿಷನ್ನಿಗೆ ತಿನ್ನಿಸುವ ನಾವು, ನಾವು ಮಲಗುವ ತಗಡಿನ ಶೆಡ್ಡು, ಎಲ್ಲಕ್ಕೂ ಅವನೇ ಒಡೆಯ. ಇನ್ನೊಬ್ಬರು ರಿಟೈರಾದ ಮೇಷ್ಟ್ರು. ಅವರ ಆಸ್ತಿ ಒಂದು ಸೈಕಲ್ಲು, ಅದಕ್ಕೂ ಬ್ರೇಕ್ ಇಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಟೀವಿಯವರು ಮೊದಲನೇ ಚರ್ಚೆ ನಡೆಸಿದಾಗ ನಾವೆಲ್ಲ ಟೀ ಅಂಗಡಿಯಲ್ಲಿ ಕೂತು ನೋಡಿದೆವು. ನೋಡಿದೆವು ಅಂದೆ, ಕೇಳಿದೆವು ಅನ್ನಲಿಲ್ಲ. ಜಲ್ಲಿ ಮಿಷನ್ನಿನ ಪಕ್ಕದಲ್ಲಿ ಬದುಕಿದವರ ಕಿವಿ ಅರ್ಧ ಕಲ್ಲಾಗಿರುತ್ತದೆ. ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದರೆ, ಯಾರಿಗೆ ಮದುವೆ ಅಂತ ಕೇಳುವ ಜನ ನಾವು.

"ಧಣಿ ಹಲ್ಲು ನೋಡ್ರೋ! ಹಾಲಲ್ಲಿ ತೊಳ್ದಂಗಿದೆ," ಅಂದ ಲಾರಿ ಡ್ರೈವರ್.

"ಮೇಷ್ಟ್ರು ಯಾಕೆ ಅಷ್ಟೊಂದು ಬೆವರ್ತಾ ಇದಾರೆ? ಏನೋ ಕದ್ದಿರ್ಬೇಕು ಬಿಡು," ಅಂದ ಟೀ ಅಂಗಡಿಯವನು.

"ಕಾಲರ್ ನೋಡು, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಕಾಲರ್ ಸರಿ ಮಾಡ್ಕೊಳ್ಳೋಕೆ ಬರಲ್ಲ, ಊರು ಸರಿ ಮಾಡ್ತಾರಂತೆ!" ಇದನ್ನು ಹೇಳಿದವನು ನಾನೇ. ಅಂಗಡಿಯ ಬೆಂಚುಗಳು ಸಹ ಬಿದ್ದು ಬಿದ್ದು ನಕ್ಕವು. ಆ ಮಾತು ನನ್ನ ಬಾಯಿಂದ ಹೊರಟು ಇಡೀ ಊರು ಸುತ್ತಿ, ಮಾರನೆಯ ದಿನ ಯಾರೋ ನನಗೇ ಹೇಳಿ ನಗಿಸಿದರು. ಮೇಷ್ಟ್ರಿಗೆ ಬರಬೇಕಾಗಿದ್ದ ಎಷ್ಟು ಓಟು ಆ ಒಂದು ಕಾಲರಿಗೆ ಸಿಕ್ಕಿ ಸತ್ತವೋ.

ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಏನು ಮಾತಾಡಿದ್ರು ಅಂತ ಒಬ್ರಿಗಾದ್ರೂ ಕೇಳಿಸ್ತಾ?" ಅಂದಳು.

"ಕೇಳೋದೇನಿದೆ ಅಕ್ಕ? ನಿಂತಿರೋ ಠೀವಿ ನೋಡು," ಅಂದ ಡ್ರೈವರ್.

ಅವಳು ಎದ್ದುಹೋಗಿ ಟೀವಿಗೇ ಕಿವಿ ಆನಿಸಿ ನಿಂತಳು. "ತಲೆ ತೆಗಿಯಕ್ಕ, ಧಣಿ ಕಾಣ್ತಿಲ್ಲ!" ಅಂತ ಅಂಗಡಿಯವನು ಬಡಿದುಕೊಂಡ. ಅವಳು ತೆಗೆಯಲಿಲ್ಲ. ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತಳು.

"ನಿನ್ನ ವಿಷಯ ಬಂತು," ಅಂದಳು. "ನಿಮ್ಮ ಮಿಷನ್ನಲ್ಲಿ ಒಬ್ಬನ ಕೈ ಹೋಯ್ತಲ್ಲ, ಅದಕ್ಕೇನು ಹೇಳ್ತೀರಿ ಅಂತ ಮೇಷ್ಟ್ರು ಧಣಿನ ಕೇಳಿದ್ರು. ಅವನು ಕುಡಿದು ಬಂದು ತಾನೇ ಕೈ ಹಾಕ್ದ, ಆದ್ರೂ ನಾನು ಅವನ ಕೈ ಬಿಡ್ಲಿಲ್ಲ ಅಂದ ಧಣಿ. ಮುಂದಿನ ಚರ್ಚೆಗೆ ಅವನನ್ನೇ ಕರ್ಕೊಂಡು ಬರ್ತೀನಿ, ಅವನ ಬಾಯಲ್ಲೇ ಕೇಳಿ ಅಂತ ಬೇರೆ ಅಂದ."

ಕೈ ಬಿಡಲಿಲ್ಲವಂತೆ. ನಿಜ. ಮಿಷನ್ನೂ ಬಿಡಲಿಲ್ಲ.

*

"ಏಯ್ ಬುರುಡೆ, ಬಾಗಿಲಲ್ಲೇ ನಿಲ್ಲೋ ಬೋಳೀಮಗನೆ! ಧೂಳು ಉದುರ್ತಿದೆ, ಕಾರ್ಪೆಟ್ ನಿಮ್ಮಪ್ಪ ಒಗೀತಾನಾ?"

ಇದು ನಮ್ಮ ಸೂಪರ್‌ವೈಸರ್ ನನ್ನನ್ನು ಧಣಿಯ ಆಫೀಸಿಗೆ ಬರಮಾಡಿಕೊಂಡ ರೀತಿ. ಒಳಗೆ ಧಣಿ ಒಂದು ಆಳೆತ್ತರದ ಕನ್ನಡಿಯ ಮುಂದೆ ನಿಂತು ನಗುವುದನ್ನು ಕಲಿಯುತ್ತಿದ್ದ. ಕಲಿಸುತ್ತಿದ್ದವನು ಪೇಟೆಯಿಂದ ಬಂದ ಒಬ್ಬ ತೆಳ್ಳನೆಯ ಮನುಷ್ಯ. ಅವನಿಗೆ ನಾವು ಇಟ್ಟ ಹೆಸರೂ ಕನ್ನಡಿ ಅಂತಲೇ. ಧಣಿ ಹೇಗೆ ನಿಲ್ಲಬೇಕು, ಎಲ್ಲಿ ಕೆಮ್ಮಬೇಕು, ಯಾವ ಮಾತಿಗೆ ಗಂಟಲು ಕಟ್ಟಬೇಕು, ಎಲ್ಲ ಅವನದೇ ಹುಕುಂ. ಗೋಡೆಯ ತುಂಬ ಧಣಿಯ ಚುನಾವಣೆ ಫ್ಲೆಕ್ಸು. ಊರಿನ ಗೋಡೆ ಗೋಡೆಯ ಮೇಲೂ ಇದ್ದದ್ದು ಅದೇ: ಬಿಳಿ ಶರ್ಟಿನ ಧಣಿ ಮುಂದೆ ನಿಂತು ನಗುತ್ತಾ ಕೈ ಬೀಸುತ್ತಿದ್ದಾನೆ, ಅವನ ಹಿಂದೆ ಕಲ್ಲಿನ ದಿಬ್ಬದ ಉದ್ದಕ್ಕೂ ನಾವು ಕೂಲಿಯವರು ಅಂಗೈ ಎತ್ತಿ ನಿಂತಿದ್ದೇವೆ. ಕೆಳಗೆ ದಪ್ಪ ಅಕ್ಷರದಲ್ಲಿ, 'ಎಲ್ಲ ಕೈಗಳೂ ನಿಮ್ಮ ಜೊತೆ'.

ಕನ್ನಡಿ ನನ್ನ ಸುತ್ತ ಒಂದು ಸುತ್ತು ಹಾಕಿದ, ಸಂತೆಯಲ್ಲಿ ಎತ್ತು ನೋಡುವವನ ಹಾಗೆ.

"ಹೊಸ ಶರ್ಟ್ ಬೇಡ. ಇಷ್ಟು ಹರಿದದ್ದೂ ಬೇಡ," ಅಂದ. "ಬಡತನ ಇರ್ಲಿ, ಆದ್ರೆ ಒಗೆದಿರ್ಲಿ. ತೋಳು ಮಡಚಿ ಪಿನ್ ಹಾಕಿ, ಮೊಂಡಿಗೈ ಅರ್ಧ ಕಾಣ್ಬೇಕು, ಪೂರ್ತಿ ಕಂಡ್ರೆ ಜನಕ್ಕೆ ಹೇಸಿಗೆ ಆಗುತ್ತೆ."

"ಇವನು ಬಾಯಿ ಬಿಟ್ರೆ ಬರೀ ಸುಳ್ಳು. ಇವನನ್ನ ನಂಬಿ ಹೇಗಯ್ಯಾ ಸ್ಟೇಜಿಗೆ ಹೋಗೋದು?" ಅಂದ ಧಣಿ.

"ಸುಳ್ಳುಗಾರನೇ ಬೇಕು ಸಾರ್. ಅಭ್ಯಾಸ ಇರುತ್ತೆ, ತಡವರಿಸಲ್ಲ."

ಆಮೇಲೆ ನನಗೆ ಪಾಠವಾಯಿತು. ಧಣಿ ನನ್ನ ಕಡೆ ಕೈ ತೋರಿಸಿದ ತಕ್ಷಣ ಏಳಬೇಕು. 'ಅವತ್ತು ಕುಡಿದಿದ್ದೆ, ತಪ್ಪು ನಂದೇ, ಧಣಿ ನನ್ನ ಕೈ ಬಿಡಲಿಲ್ಲ' ಅನ್ನಬೇಕು. ಕೂರಬೇಕು. ನಾನು ಹೇಳಿ ತೋರಿಸಿದೆ. ಇನ್ನೂ ಚೂರು ತಗ್ಗಿದ ದನಿಯಲ್ಲಿ ಅಂದ ಕನ್ನಡಿ. ತಗ್ಗಿಸಿದೆ. ಇಷ್ಟು ತಗ್ಗಿಸಬಾರದು, ಮೈಕಿಗೆ ಸಿಗಬೇಕು ಅಂದ. ಕೊನೆಗೆ ಧಣಿ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ ನಿಂತ. ಫೋಟೋ ತೆಗೆದರು. ಫೋಟೋ ಆದ ಮೇಲೆ ಧಣಿ ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, "ನೀರು" ಅಂದ. ಸೂಪರ್‌ವೈಸರ್ ಬಾಟಲಿ ತೆಗೆದು ಅಲ್ಲೇ, ನನ್ನೆದುರಿಗೇ, ಕುಂಡದ ಮೇಲೆ ಅವನ ಕೈ ತೊಳೆಸಿದ. ಕುಂಡದಲ್ಲಿದ್ದದ್ದು ಪ್ಲಾಸ್ಟಿಕ್ ಗಿಡ. ಅದೂ ಮುಖ ತಿರುಗಿಸಿಕೊಂಡಿತು, ಸುಳ್ಳಲ್ಲ.

ಹೊರಗೆ ಬಂದ ಮೇಲೆ ಸೂಪರ್‌ವೈಸರ್ ನನ್ನ ಕಾಲರ್ ಹಿಡಿದ. "ಅಲ್ಲೇನಾದ್ರೂ ನಿನ್ನ ಬುರುಡೆ ಶುರು ಹಚ್ಕೊಂಡೆ, ಮಾರನೇ ಬೆಳಗ್ಗೆ ನಿನ್ನ ಶೆಡ್ಡಿನ ಮೇಲೆ ಒಂದು ತಗಡು ಇರಲ್ಲ. ನಿನ್ನತ್ತೆ ಕೆಮ್ಮೋಕೆ ರಸ್ತೆ ಹುಡುಕ್ಬೇಕಾಗುತ್ತೆ. ತಿಳೀತಾ?"

"ತಿಳೀತು ಅಣ್ಣ."

"ಅಣ್ಣ ಯಾರಿಗೋ ಹಲ್ಕಟ್? ಸಾರ್ ಅನ್ನು."

*

ಶೆಡ್ಡಿನಲ್ಲಿ ಅತ್ತೆ ಕಲ್ಲಿನ ಧೂಳು ಕೆಮ್ಮುತ್ತಾ ಮಲಗಿದ್ದಳು. ಹೆಂಡತಿ ಒಲೆಯ ಮುಂದೆ ಕೂತು ಬಾಂಡ್ಲಿಯ ಹಿಡಿಗೆ ತಂತಿ ಸುತ್ತುತ್ತಿದ್ದಳು. ನಾನು ಮೂಲೆಯಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದೆ. "ಅವತ್ತು ಕುಡಿದಿದ್ದೆ, ತಪ್ಪು ನಂದೇ..."

ಅವಳು ತಲೆ ಎತ್ತದೆ ಅಂಗೈ ಮೇಲೆತ್ತಿದಳು. ನಾನು ಸುಮ್ಮನಾದೆ.

ಇದನ್ನು ನಿಮಗೆ ಹೇಳಬೇಕು. ಮಿಷನ್ ಓಡುವಾಗ ದೇವರೇ ಇಳಿದು ಬಂದು ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೆ ನಾವು ಕೈಯಲ್ಲೇ ಮಾತಾಡುತ್ತೇವೆ. ಮೂಗು ಹಿಡಿದರೆ ಧಣಿ ಬಂದ ಅಂತ, ಅವನ ಸೆಂಟಿನಿಂದಾಗಿ. ಕೈಯನ್ನು ಅಡ್ಡಡ್ಡ ಬೀಸಿದರೆ 'ನಡೀಲಿ, ಓಡಿಸು'. ಅಂಗೈ ಬಿಚ್ಚಿ ಮೇಲೆತ್ತಿದರೆ 'ನಿಲ್ಲಿಸು'. ಈ ಕೊನೆಯದಕ್ಕೆ ಮಾತ್ರ ಒಂದು ಕಟ್ಟಳೆ ಇದೆ. ನೋಡಿದವರೆಲ್ಲ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿ ತಾವೂ ಅಂಗೈ ಎತ್ತಬೇಕು. ಧೂಳಿನಲ್ಲಿ ಮಿಷನ್ನಿನ ಬಾಯಿ ಸ್ವಿಚ್ಚಿನವನಿಗೆ ಕಾಣುವುದಿಲ್ಲ. ಸನ್ನೆ ಕೈಯಿಂದ ಕೈಗೆ ದಾಟಿ ದಿಬ್ಬ ಇಳಿದು ಅವನನ್ನು ಮುಟ್ಟಬೇಕು. ಯಾಕೆ, ಯಾರಿಗೆ ಏನಾಯಿತು ಅಂತ ಕೇಳುತ್ತಾ ನಿಂತರೆ ಅಷ್ಟರಲ್ಲಿ ಒಬ್ಬ ಇರುವುದಿಲ್ಲ. ಮೊದಲು ಎತ್ತು, ಆಮೇಲೆ ಕೇಳು. ನಮ್ಮ ಹೆಂಗಸರು ನಿದ್ದೆಯಲ್ಲಿ ಆ ಸನ್ನೆ ಕಂಡರೂ ಕೈ ಎತ್ತುತ್ತಾರೆ.

"ನೀನು ದಿನಾ ಬಿಡೋ ಸುಳ್ಳಿಗೆ ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ?" ಅಂದಳು.

"ಇಲ್ಲ."

"ಹುಲಿ ಅಂದೆ, ನಕ್ಕೆ. ದಾನ ಅಂದೆ, ನಕ್ಕೆ. ಅವೆಲ್ಲ ನಿನ್ನ ಸುಳ್ಳು. ಇದು ಅವನ ಸುಳ್ಳು. ಅವನ ಸುಳ್ಳನ್ನ ನೀನ್ಯಾಕೆ ಹೊರ್ತೀಯ?"

"ತಗಡು ಕಣೇ," ಅಂದೆ. "ನಿಮ್ಮಮ್ಮನ್ನ ಎಲ್ಲಿ ಮಲಗಿಸ್ತೀಯ?"

ಅವಳು ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.

*

ಎರಡನೇ ಚರ್ಚೆ ಸಭಾಭವನದಲ್ಲಿ, ಜನರೆದುರಿಗೆ. ಜನರನ್ನು ತಂದದ್ದು ಧಣಿಯೇ. ಜಲ್ಲಿ ಹೊರುವ ಲಾರಿಗಳಲ್ಲಿ ನಮ್ಮನ್ನೆಲ್ಲ ತುಂಬಿಸಿ, ದಾರಿಯಲ್ಲಿ ನಲ್ಲಿಯ ಹತ್ತಿರ ನಿಲ್ಲಿಸಿ ಮುಖ ತೊಳೆಸಿ, ಧಣಿಯ ಮುಖ ಅಚ್ಚು ಹಾಕಿದ ಬನಿಯನ್ ತೊಡಿಸಿ ಇಳಿಸಿದರು. ಅಂಥ ಸಭೆಯನ್ನು ಭೂಲೋಕ ಕಂಡಿಲ್ಲ. ಜನರಿಗಿಂತ ಧಣಿಯ ಮುಖಗಳೇ ಜಾಸ್ತಿ. ಸೂಪರ್‌ವೈಸರ್ ಗೋಡೆಯ ಪಕ್ಕ ನಿಂತು ಕರ್ಚೀಫು ಎತ್ತಿದಾಗೆಲ್ಲ ಚಪ್ಪಾಳೆ ಹೊಡೆಯಬೇಕು. "ನಿನಗೆ ಮಾಫಿ," ಅಂದ ನನಗೆ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲವಲ್ಲ. ನಾನು ತೊಡೆ ತಟ್ಟಿದೆ. ನಮ್ಮನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು, ನಾನು, ಪಕ್ಕದಲ್ಲಿ ಹೆಂಡತಿ. ವೇದಿಕೆಯ ಹಿಂದೆ ಗೋಡೆಯಷ್ಟಗಲ ಅದೇ ಫ್ಲೆಕ್ಸು.

ಮೊದಲು ಮೇಷ್ಟ್ರು. ಪಾಪ, ಕನ್ನಡಕ ಬೀಳಿಸಿಕೊಂಡರು. ಹುಡುಕಲು ಬಗ್ಗಿದಾಗ ಮೈಕಿಗೆ ತಲೆ ಹೊಡೆದು ಢಂ ಅಂತು. ಜನ ನಕ್ಕರು. ಮಿಷನ್ನಿನ ಬಾಯಿಯ ಹತ್ತಿರ ಕೂಲಿಯವರೇ ನಿಲ್ಲಿಸುವಂಥ ಸ್ವಿಚ್ ಯಾಕಿಲ್ಲ ಅಂತ ಕೇಳಿದರು, ಒಳ್ಳೆಯ ಪ್ರಶ್ನೆಯೇ. ಆದರೆ ಕೇಳುವಾಗ ಅವರ ಕಣ್ಣು ಕಾಗದದ ಮೇಲಿತ್ತು, ನಮ್ಮ ಕಣ್ಣು ಅವರ ಶರ್ಟಿನ ಬಿಚ್ಚಿದ ಗುಂಡಿಯ ಮೇಲಿತ್ತು. "ಥೂ, ಇವರಿಗೆ ಓಟು ಹಾಕೋದಾ?" ಅಂದರು ಹಿಂದಿನ ಸಾಲಿನಲ್ಲಿ.

ಆಮೇಲೆ ಧಣಿ. ಅಬ್ಬಾ. ಕಾಗದವಿಲ್ಲ. ನಡೆದು ಬಂದು ವೇದಿಕೆಯ ಅಂಚಿನಲ್ಲಿ, ನಮಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತ. ತನ್ನ ತಾಯಿ ಬರಿಗಾಲಲ್ಲಿ ನೀರು ಹೊತ್ತ ಕಥೆ ಹೇಳಿದ. ಕನ್ನಡಿ ಹೇಳಿಕೊಟ್ಟ ಜಾಗದಲ್ಲೇ ಗಂಟಲು ಕಟ್ಟಿತು, ಅದೇ ಜಾಗದಲ್ಲಿ ಬಿಟ್ಟಿತು. ಆಫೀಸಿನಲ್ಲಿ ಅದನ್ನು ನಾನು ಬಾಗಿಲ ಬಳಿ ನಿಂತು ನೋಡಿದ್ದೆ. ಧಣಿಯ ತಾಯಿ ಕಾರಿನಿಂದ ಕಾಲು ಕೆಳಗಿಡದೆ ಓಡಾಡಿದವಳು ಅಂತಲೂ ಗೊತ್ತು. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಕೈ ತಿಂದವನ ತಾಯಿಗಾಗಿ ನಾನು ಅತ್ತೆ. ಏನು ಮಾಡಲಿ, ಅಷ್ಟು ಚೆನ್ನಾಗಿ ಹೇಳಿದ. ಡ್ರೈವರ್ ಮೂಗು ಸೀಟಿದ. ಹೆಂಗಸರು ಕಣ್ಣೊರೆಸಿಕೊಂಡರು. ಆ ಕ್ಷಣದಲ್ಲಿ ಓಟಿನ ಪೆಟ್ಟಿಗೆ ತಂದಿಟ್ಟಿದ್ದರೆ ಮೇಷ್ಟ್ರ ಹೆಂಡತಿಯೂ ಧಣಿಗೇ ಹಾಕುತ್ತಿದ್ದಳು.

ಕರ್ಚೀಫು ಎದ್ದಿತು. ಚಪ್ಪಾಳೆ ಶುರುವಾಯಿತು. ಧಣಿ ಕೊನೆಯ ಬಾಣ ತೆಗೆದ.

"ನೋಡಿ ಈ ಕೈ," ಅಂದ. "ಇದರಲ್ಲಿ ಕಲೆ ಇದ್ರೆ ಹೇಳಿ!"

ಅಂಗೈ ಬಿಚ್ಚಿ ಮೇಲೆತ್ತಿದ.

ನಮ್ಮವರ ಚಪ್ಪಾಳೆ ಕತ್ತರಿಸಿದ ಹಾಗೆ ನಿಂತಿತು. ಮೊದಲು ಒಂದು ಅಂಗೈ ಎದ್ದಿತು. ಅದರ ಹಿಂದೆ ಒಂದು ಸಾಲು. ಅದರ ಹಿಂದಿನ ಸಾಲು. ಹಿಂದಿನವರಿಗೆ ಧಣಿ ಕಾಣುತ್ತಿರಲಿಲ್ಲ, ಮುಂದಿನವರ ಕೈ ಕಾಣುತ್ತಿತ್ತು, ಸಾಕಾಯಿತು. ಯಾರೂ ಯೋಚಿಸಲಿಲ್ಲ, ಯಾರೂ ಯಾಕೆ ಅನ್ನಲಿಲ್ಲ. ಭವನದ ಕೊನೆಯ ಬಾಗಿಲವರೆಗೆ ಸನ್ನೆ ದಾಟಿಹೋಯಿತು. ಎಲ್ಲ ಅಂಗೈಗಳೂ ಮೇಲೆ. ಸೂಜಿ ಬಿದ್ದರೆ ಬಾಂಬಿನ ಸದ್ದು. ಸೂಪರ್‌ವೈಸರ್ ಕರ್ಚೀಫನ್ನು ಬಾವುಟದ ಹಾಗೆ ಒದರಿದ. ಒಬ್ಬರೂ ನೋಡಲಿಲ್ಲ.

ಮೊದಲು ಎದ್ದ ಕೈ ಯಾರದು ಅಂತೀರಿ? ನನ್ನದೇ. ಪಿನ್ನು ಚಿಮ್ಮಿ ಕನ್ನಡಿಯ ಹಣೆಗೆ ಬಡಿಯುವಷ್ಟು ಜೋರಾಗಿ ಮೊಂಡಿ ಎತ್ತಿದೆ.

ಚರ್ಚೆ ನಡೆಸುತ್ತಿದ್ದ ಟೀವಿಯ ಹೆಂಗಸು ಬೆಪ್ಪಾಗಿ, "ಓ! ಇಷ್ಟೊಂದು ಜನ ಪ್ರಶ್ನೆ ಕೇಳೋಕಿದೀರಾ?" ಅಂದಳು. ಮೈಕು ಮುಂದಿನ ಸಾಲಿಗೆ ಬಂತು. ನಾನು ಎದ್ದು ನಿಂತೆ. ಎದ್ದ ರಭಸಕ್ಕೆ ಕುರ್ಚಿ ಮೂರು ಸಾಲು ಹಿಂದಕ್ಕೆ ಹಾರಿತು.

"ಪ್ರಶ್ನೆ ಕೇಳ್ತಿಲ್ಲ ಕಣಮ್ಮ," ಅಂದೆ. "ನಿಲ್ಲಿಸು ಅಂತಿದೀವಿ."

"ಏನನ್ನ?"

"ಅದು ನಮ್ಮ ಮಿಷನ್ ಸನ್ನೆ. ಅಂಗೈ ಎತ್ತಿದ್ರೆ ನಿಲ್ಲಿಸು ಅಂತ. ಧಣಿಗೆ ಗೊತ್ತಿಲ್ಲ, ಅವರೇ ಎತ್ತಿದಾರೆ. ಅವರ ಹಿಂದೆ ಆ ಫ್ಲೆಕ್ಸ್ ನೋಡಿ. ಅದರಲ್ಲಿ ನಾವು ಜೈ ಅಂತಿಲ್ಲ. ಅವತ್ತು ಮಿಷನ್ ಬೆಲ್ಟಿಗೆ ತೋಳು ಸಿಕ್ಕಿತ್ತು. ಅದಕ್ಕೆ ಎಲ್ರೂ ಕೈ ಎತ್ತಿ ನಿಲ್ಸಿ ಅಂತಿದ್ವಿ. ಧಣಿ ಫೋಟೋದವರ ಜೊತೆ ಸ್ವಿಚ್ಚಿನ ಹತ್ರ ನಿಂತಿದ್ರು. ತನಗೇ ಜೈಕಾರ ಅಂದ್ಕೊಂಡು, ನಕ್ಕು, ಕೈ ಬೀಸಿದ್ರು. ಬೀಸಿದ್ರೆ ನಮ್ಮಲ್ಲಿ ಓಡಿಸು ಅಂತ. ಧಣಿ ಹುಕುಂ ಅಂದ್ಕೊಂಡು ಸ್ವಿಚ್ಚಿನವನು ಓಡಿಸ್ತಾನೇ ಇದ್ದ. ಆ ಫೋಟೋನೇ ಅದು."

ಇಡೀ ಭವನ ಕತ್ತು ಎತ್ತಿ ಫ್ಲೆಕ್ಸನ್ನು ನೋಡಿತು. ಊರೆಲ್ಲ ಅದರ ಕೆಳಗೇ ಓಡಾಡಿತ್ತು, ಯಾರೂ ನೋಡಿರಲಿಲ್ಲ. ಈಗ ನೋಡಿದರು. ದಿಬ್ಬದ ಮೇಲಿನ ಒಂದೊಂದು ಬಾಯಿಯೂ ಅದರಲ್ಲಿ ತೆರೆದಿತ್ತು. ಇಷ್ಟು ದಿನ ಅದು ನಗು ಅಂದುಕೊಂಡಿದ್ದರು.

ಧಣಿಗೆ ಏನು ಮಾಡಬೇಕು ಅಂತ ತೋಚಲಿಲ್ಲ. ತೋಚದಿದ್ದಾಗ ನಕ್ಕು ಕೈ ಬೀಸಬೇಕು ಅಂತ ಕನ್ನಡಿ ಕಲಿಸಿದ್ದ. ನಕ್ಕು ಕೈ ಬೀಸಿದ. ಫ್ಲೆಕ್ಸಿನಲ್ಲಿದ್ದ ಹಾಗೆಯೇ, ಫ್ಲೆಕ್ಸಿನ ಕೆಳಗೇ ನಿಂತು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಕಿರುಚಿದಳು.

"ಕುಡಿದಿದ್ದ!" ಅಂತ ಕೂಗಿದ ಧಣಿ, ಕಲಿತ ದನಿಯೆಲ್ಲ ಬಿಟ್ಟುಹೋಗಿ, ನಮಗೆ ಗೊತ್ತಿದ್ದ ಹಳೆಯ ದನಿ ಬಂದಿತ್ತು. "ಕುಡಿದು ಸಾಯೋಕೆ ಬಂದಿದ್ದ ಸೂಳೇಮಗ! ಅವನನ್ನೇ ಕೇಳಿ!"

ಆಗ ನಾನು ಹುಲಿಯಾದೆ. "ಕುಡಿದಿರ್ಲಿಲ್ಲ ಕಣೋ!" ಅಂತ ಗರ್ಜಿಸಿದೆ ನೋಡಿ, ಗುಡ್ಡದಲ್ಲಿ ಕಲ್ಲುಗಳು ತಾವಾಗಿಯೇ ಸೀಳಿದವು, ಕನ್ನಡಿ ಚೂರುಚೂರಾದ, ಧಣಿ ವೇದಿಕೆಯಿಂದ ಉರುಳಿ ಮೇಷ್ಟ್ರ ಕಾಲ ಬುಡಕ್ಕೆ ಬಿದ್ದ, ಮೇಷ್ಟ್ರು ಅವನ ಕೈಗೆ ತಮ್ಮ ಸೈಕಲ್ಲಿನ ಬೀಗದ ಕೈ ಕೊಟ್ಟು ಮನೆಗೆ ಕಳಿಸಿದರು.

*

ಮಾರನೆಯ ಬೆಳಗ್ಗೆ ಇದನ್ನೆಲ್ಲ ಹೀಗೇ ಟೀವಿಯವಳಿಗೂ ಹೇಳುತ್ತಿದ್ದೆ. ಅವಳು ಕ್ಯಾಮೆರಾದವನನ್ನು ಕರೆದುಕೊಂಡು ನಮ್ಮ ಶೆಡ್ಡಿಗೇ ಬಂದಿದ್ದಳು. ಸೂಪರ್‌ವೈಸರ್ ಅದಕ್ಕೂ ಮೊದಲೇ ಬಂದಿದ್ದ. ಅವನ ಆಳುಗಳು ಮೇಲೆ ಹತ್ತಿ ತಗಡಿನ ಮೊಳೆ ಕೀಳುತ್ತಿದ್ದರು. ಅತ್ತೆಯನ್ನು ಮಂಚದ ಸಮೇತ ಹೊರಗಿಟ್ಟಿದ್ದೆವು. ಹೆಂಡತಿ ಪಾತ್ರೆಗಳನ್ನು ಬಾಂಡ್ಲಿಗೆ ತುಂಬುತ್ತಿದ್ದಳು. ಕೆಲಸಕ್ಕೆ ಹೋಗದ ನಮ್ಮವರೆಲ್ಲ ಸುತ್ತ ನಿಂತಿದ್ದರು. ಗುಡ್ಡದಲ್ಲಿ ಮಿಷನ್ ಸುಮ್ಮನಿತ್ತು.

"...ಗರ್ಜಿಸಿದೆ ನೋಡಿ," ಅನ್ನುವಷ್ಟರಲ್ಲಿ ಟೀವಿಯವಳು, "ಅಣ್ಣ, ಒಂದ್ನಿಮಿಷ," ಅಂದು ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು.

ವಿಡಿಯೋ. ಸಭಾಭವನ. ಮುಂದಿನ ಸಾಲು. ಮೊದಲ ಅಂಗೈ ಎದ್ದಿತು, ತಂತಿ ಗೀರಿದ ಗುರುತಿದ್ದ ಅಂಗೈ, ನನ್ನ ಹೆಂಡತಿಯದು. ಎದ್ದು ನಿಂತವಳು ಅವಳು. ಪ್ರಶ್ನೆ ಕೇಳ್ತಿಲ್ಲ ಕಣಮ್ಮ ಅಂದವಳು ಅವಳು. ಫ್ಲೆಕ್ಸ್ ತೋರಿಸಿದವಳು ಅವಳು. ಪಕ್ಕದ ಕುರ್ಚಿಯಲ್ಲಿ ಒಬ್ಬ ಒಂಟಿಗೈಯವನು ಅವಳ ಬನಿಯನ್ನಿನ ಅಂಚು ಹಿಡಿದು ಕೆಳಕ್ಕೆ ಎಳೆಯುತ್ತಿದ್ದಾನೆ. ಅವಳು ಕೊಡವುತ್ತಾಳೆ. ಅವನು ಮತ್ತೆ ಎಳೆಯುತ್ತಾನೆ. ಧಣಿ 'ಅವನನ್ನೇ ಕೇಳಿ' ಅಂದಾಗ ಮೈಕು ಅವನ ಬಾಯಿಗೆ ಬರುತ್ತದೆ. ಬಾಯಿ ತೆರೆಯುತ್ತದೆ. ಉಸಿರು ಮಾತ್ರ ಕೇಳಿಸುತ್ತದೆ. ತುಂಬ ಹೊತ್ತಾದ ಮೇಲೆ ಒಂದು ಮಾತು.

"ತಗಡು."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ಬುರುಡೆ, ಇದಾ ನಿನ್ನ ಗರ್ಜನೆ?" ಅಂದ ಡ್ರೈವರ್. ಮಂಚದ ಮೇಲಿಂದ ಅತ್ತೆ ಸಹ ಕೆಮ್ಮಿನ ಮಧ್ಯೆ ನಕ್ಕಳು.

ಸಿಕ್ಕಿಬಿದ್ದೆ. ನಿಮ್ಮೆದುರಿಗೂ ಸಿಕ್ಕಿಬಿದ್ದೆ. ನಾನು ಕೈ ಎತ್ತಲಿಲ್ಲ, ಮೊಂಡಿಯನ್ನೂ ಎತ್ತಲಿಲ್ಲ. ಧಣಿ ಉರುಳಲಿಲ್ಲ, ಕಾರು ಹತ್ತಿ ಹೋದ. ಕುಡಿದಿದ್ದೆ ಅಂತ ಹೇಳಲು ನಾಲಗೆ ಏಳಲಿಲ್ಲ, ಇಲ್ಲ ಅನ್ನಲು ಎದೆ ಏಳಲಿಲ್ಲ. ನನಗೆ ಗೊತ್ತಿದ್ದ ಸಾವಿರ ಸುಳ್ಳಿನಲ್ಲಿ ಒಂದೂ ಆಗ ಕೈ ಹಿಡಿಯಲಿಲ್ಲ. ಹೆಂಡತಿ ಬಾಂಡ್ಲಿಗೆ ಲೋಟಗಳನ್ನು ಜೋಡಿಸುತ್ತಿದ್ದಳು. ಎಳೆದದ್ದರ ಬಗ್ಗೆ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ಧಣಿ ಕಡೆಯವರು ಬೆಳಗಿಂದ ಇದನ್ನೇ ತೋರಿಸ್ತಿದಾರೆ," ಅಂದಳು ಟೀವಿಯವಳು. "ಎಲ್ಲರೆದುರಿಗೆ ಕೇಳಿದ್ರೂ ಇಲ್ಲ ಅನ್ನಲಿಲ್ಲ, ಅಂದ್ಮೇಲೆ ಕುಡಿದಿದ್ದು ನಿಜ ಅಂತ. ಜನಾನೂ ಹೌದು ಅಂತಿದಾರೆ. ನೀವು ಸುಳ್ಳು ಹೇಳೋದರಲ್ಲಿ ಹೆಸರುವಾಸಿ ಅಂತೆ ಬೇರೆ. ಈಗ ಏನು ಹೇಳ್ತೀರಿ?"

ಮೈಕು ನನ್ನ ಬಾಯಿಯ ಹತ್ತಿರ ಬಂತು.

ಸೂಪರ್‌ವೈಸರ್ ಮೇಲಿನ ಆಳುಗಳಿಗೆ ತಡೀರೋ ಅಂತ ಕೂಗಿ ನನ್ನ ಕಿವಿಯ ಬಳಿ ಬಗ್ಗಿದ. ಅರ್ಧ ಛಾವಣಿ ಹೋಗಿತ್ತು, ಅರ್ಧ ಉಳಿದಿತ್ತು. "ಕುಡಿದಿದ್ದೆ ಅಂತ ಒಂದೇ ಒಂದು ಮಾತು ಹೇಳಪ್ಪ," ಅಂದ. ನನ್ನನ್ನು ಅಪ್ಪ ಅಂದದ್ದು ಅದೇ ಮೊದಲು. "ಕಿತ್ತ ತಗಡೆಲ್ಲ ಈಗ್ಲೇ ವಾಪಸ್ ಹೊಡೆಸ್ತೀನಿ. ಮುದುಕಿನ ಒಳಗೆ ಮಲಗ್ಸು. ನಿನಗೇನು, ಸುಳ್ಳು ಹೇಳೋದು ಹೊಸದಾ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳೂ ನೋಡಿದಳು. ಅವಳ ಎರಡೂ ಕೈ ಬಾಂಡ್ಲಿಯ ಮೇಲಿದ್ದವು. ಯಾವ ಸನ್ನೆಯೂ ಇರಲಿಲ್ಲ.

"ನಾನು ಕುಡಿದಿರ್ಲಿಲ್ಲ," ಅಂದೆ ಮೈಕಿಗೆ. "ಬೆಳಗ್ಗೆ ಟೀ ಕುಡಿದಿದ್ದೆ. ಬಲತೋಳು ಬೆಲ್ಟಿಗೆ ಸಿಕ್ಕಿತು. ಎಡಗೈ ಎತ್ತಿ ನಿಲ್ಸಿ ಅಂದೆ. ಧಣಿ ಕೈ ಬೀಸಿದ. ನಿಲ್ಲಲಿಲ್ಲ."

ಸೂಪರ್‌ವೈಸರ್ ಮೇಲಕ್ಕೆ ಕೈ ಬೀಸಿದ. ಮೊಳೆ ಕೀಳುವ ಸದ್ದು ಮತ್ತೆ ಶುರುವಾಯಿತು.

ಟೀವಿಯವಳು ಇನ್ನೂ ಕಾಯುತ್ತಿದ್ದಳು. "ಅಷ್ಟೇನಾ?" ಅಂದಳು. ಕ್ಯಾಮೆರಾದವನನ್ನು ಒಮ್ಮೆ ನೋಡಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಅಣ್ಣ, ಬೇಜಾರು ಮಾಡ್ಕೋಬೇಡಿ. ಧಣಿ ಅಷ್ಟು ಚೆನ್ನಾಗಿ ಮಾತಾಡ್ತಾರೆ. ಅವರೆದುರಿಗೆ ಇದು ಸಪ್ಪೆ ಆಗುತ್ತೆ, ಜನ ನಂಬಲ್ಲ. ಇನ್ನೊಂದ್ಸಲ ಹೇಳಿ. ನೋವಾಗಿದ್ದು, ರಕ್ತ, ಏನಾದ್ರೂ ಸ್ವಲ್ಪ ಸೇರಿಸಿ. ತೋಳು ಹೀಗೆ ಕ್ಯಾಮೆರಾ ಕಡೆ ತಿರುಗಿಸಿ. ಅಳು ಬಂದ್ರೆ ತಡೀಬೇಡಿ."

ಕೊನೆಯ ತಗಡು ಅಂಗಳಕ್ಕೆ ಬಿದ್ದು ಧೂಳೆದ್ದಿತು. ಬಿಸಿಲು ನೇರವಾಗಿ ನಮ್ಮ ಒಲೆಯ ಮೇಲೆ, ಅತ್ತೆ ಮಲಗುತ್ತಿದ್ದ ಮೂಲೆಯ ಮೇಲೆ ಬಿತ್ತು. ಮೈಕು ಬಾಯಿಯ ಮುಂದೆಯೇ ಇತ್ತು.

"ಸೇರ್ಸಲ್ಲ ಕಣಮ್ಮ," ಅಂದೆ. "ಇರೋದೇ ಇಷ್ಟು. ಹೀಗೇ ತೋರ್ಸು."